ಟವೆಲು ಒಗೆಯದಿದ್ದರೆ ಭೂಮಿ ಉಳಿಯುತ್ತದಂತೆ!

ದೊಡ್ಡ ಹೋಟೆಲುಗಳ ಬಚ್ಚಲುಮನೆಯಲ್ಲಿ ಒಂದು ಹಸಿರು ಕಾರ್ಡು ಇಟ್ಟಿರುತ್ತಾರೆ. ಭೂಮಿಯನ್ನು ಉಳಿಸಿ, ಟವೆಲನ್ನು ಇನ್ನೊಮ್ಮೆ ಬಳಸಿ ಎಂದು. ನಮ್ಮ ಶಾಲೆಗಳಲ್ಲಿ ಕಲಿತು ಹೋಟೆಲು ಕೆಲಸಕ್ಕೆ ಹೋದ ಹುಡುಗರನ್ನು ಕೇಳಿ, ಆ ಕಾರ್ಡಿನ ಧೂಳು ಒರೆಸುವವರು ಅವರೇ.

ಈ ಕಾರ್ಡಿಗೂ ಒಂದು ಚರಿತ್ರೆ ಉಂಟು. ಜೇ ವೆಸ್ಟರ್‌ವೆಲ್ಡ್ ಎಂಬ ಅಮೆರಿಕದ ಪರಿಸರವಾದಿ 1980ರ ದಶಕದಲ್ಲಿ ಫಿಜಿ ದ್ವೀಪದ ರಿಸಾರ್ಟೊಂದರಲ್ಲಿ ಇಂಥದೇ ಚೀಟಿ ನೋಡಿದರು. ಕಡಲ ಹವಳ ಉಳಿಸಲು ಟವೆಲು ಮರುಬಳಸಿ ಎನ್ನುತ್ತಿದ್ದ ರಿಸಾರ್ಟು ಅದೇ ಹೊತ್ತಿಗೆ ಹೊಸ ಕಾಟೇಜುಗಳನ್ನು ಕಟ್ಟಿಸುತ್ತಿತ್ತು! 1986ರಲ್ಲಿ ಅವರು ಬರೆದ ಲೇಖನದಿಂದಲೇ 'ಗ್ರೀನ್‌ವಾಷಿಂಗ್' ಎಂಬ ಮಾತು ಚಾಲ್ತಿಗೆ ಬಂತು. ಒಳಗೆ ಕೊಳೆ, ಹೊರಗೆ ಹಸಿರು ಸುಣ್ಣ.

ಟವೆಲು ಒಗೆಯದಿದ್ದರೆ ಉಳಿಯುವುದು ಹೋಟೆಲಿನ ಸೋಪು, ಕರೆಂಟು, ಕೂಲಿ. ಉಳಿಸಲಿ, ತಪ್ಪಿಲ್ಲ. ಆದರೆ ಅದಕ್ಕೆ 'ಪರಿಸರಸ್ನೇಹಿ' ಎಂಬ ಬೋರ್ಡು ಹಾಕಿ ನಮ್ಮನ್ನು ನಂಬಿಸಲು ಬರಬೇಡಿ.

ನಮ್ಮ ಕಾಸರಗೋಡಿನ ವಿಷಯಕ್ಕೆ ಬರೋಣ. 1992ರಲ್ಲಿ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿದರು. 1995ರಲ್ಲಿ ಅದಕ್ಕೆಂದೇ ಒಂದು ನಿಗಮ ಹುಟ್ಟಿತು. ಆಗಿನಿಂದ ಕೇಳುತ್ತಿರುವ ಮಾತು ಒಂದೇ, ಹೋಟೆಲು ಬಂದರೆ ಊರು ಉದ್ಧಾರ. ಬೇಕಲ ಚಂದ್ರಗಿರಿಯ ಆಚೆ, ನಮಗೆಂತ ಮಾರಾಯ್ರೇ ಎನ್ನುವವರಿದ್ದಾರೆ. ರಜಾ ದಿನ ಪೊಸಡಿ ಗುಂಪೆಗೆ ಹತ್ತುವ ವಾಹನಗಳನ್ನು ನೋಡಿ. ಇವತ್ತು ಅಲ್ಲಿ ಕೋಣೆ ಕಟ್ಟಿದವರು ನಾಳೆ ಇಲ್ಲಿಗೂ ಬರುತ್ತಾರೆ. ಬರುವ ಮೊದಲೇ ಕೇಳಬೇಕಾದ್ದನ್ನು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ನೀರು. ಇದನ್ನು ಸ್ವಲ್ಪ ಪಾಠದ ಹಾಗೆ ಹೇಳುತ್ತೇನೆ, ಎಂಟನೇ ಕ್ಲಾಸಿನ ಮಕ್ಕಳಿಗೂ ಅರ್ಥವಾಗುತ್ತದೆ. ಕಡಲ ಬದಿಯ ಮರಳಿನ ಅಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಸಿಹಿನೀರು ಹಗುರ ಎಂಬ ಕಾರಣಕ್ಕೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಆಳದವರೆಗೆ ಸಿಹಿನೀರೇ ಇರುತ್ತದೆ. ಹಾಗಾದರೆ ಪಂಪು ಹಾಕಿ ಒಂದು ಅಡಿ ಇಳಿಸಿದರೆ? ಕಾಲಕ್ರಮದಲ್ಲಿ ಕೆಳಗಿನ ಉಪ್ಪುನೀರು ಸುಮಾರು 40 ಅಡಿ ಮೇಲೆ ಬರುತ್ತದೆ! ಹೋಟೆಲಿನ ಬಾವಿ ಕೆಟ್ಟರೆ ಅವರು ಟ್ಯಾಂಕರ್ ತರಿಸುತ್ತಾರೆ. ಪಕ್ಕದ ಮೀನುಗಾರರ ಮನೆಯ ಬಾವಿ ಕೆಟ್ಟರೆ ಆ ಮನೆಯ ಹೆಂಗಸು ಕೊಡ ಹಿಡಿದು ಹೊರಡಬೇಕು.

ಕಡಲು ಎದುರಿಗೇ ಇದ್ದರೂ ಇವರಿಗೆ ಈಜುಕೊಳ ಬೇಕು. 20 ಮೀಟರ್ ಉದ್ದ, 10 ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಎಂದಿಟ್ಟುಕೊಳ್ಳಿ, 3 ಲಕ್ಷ ಲೀಟರ್ ಸಿಹಿನೀರು! ಇದನ್ನು ತುಂಬಿಸಿ, ಟವೆಲಿನ ಲೆಕ್ಕ ನಮಗೆ ಹೇಳುತ್ತಾರೆ.

ಕಾನೂನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಭರತರೇಖೆಯಿಂದ 200 ಮೀಟರಿನೊಳಗೆ ರಿಸಾರ್ಟುಗಳು ಅಂತರ್ಜಲ ತೆಗೆಯಲೇಬಾರದು ಎಂದಿತ್ತು. 2019ರ ಅಧಿಸೂಚನೆ ಬಂದು, ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಕರಾವಳಿಯಲ್ಲಿ ಕಟ್ಟಡ ನಿಷೇಧದ 200 ಮೀಟರ್ 50 ಮೀಟರಿಗೆ ಇಳಿಯಿತು. ಹೆಚ್ಚು ಜನ ಇದ್ದಲ್ಲಿ ಹೆಚ್ಚು ಜಾಗ್ರತೆ ಬೇಕಿತ್ತಲ್ಲವೇ?

ಮಳೆ ಕಡಿಮೆಯೇ ನಮಗೆ? ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಸುರಿಯುತ್ತದೆ. 1000 ಚದರ ಮೀಟರ್ ಮಾಡಿನ ಮೇಲೆ ಬೀಳುವ ನೀರು 35 ಲಕ್ಷ ಲೀಟರ್. ಅದನ್ನು ತಡೆದು ಇಂಗಿಸಿದ ಹೋಟೆಲಿಗೆ ನಾನೇ ಕೈಮುಗಿಯುತ್ತೇನೆ. ಬಾಯಾರು, ಎಣ್ಮಕಜೆ ಕಡೆಯ ನಮ್ಮ ಹಿರಿಯರು ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು, ಪಂಪಿಲ್ಲದೆ, ಕರೆಂಟಿಲ್ಲದೆ ನೀರು ಹರಿಸಿಕೊಂಡು ತೋಟ ಮಾಡಿದರು. ಪತ್ರಕರ್ತ ಶ್ರೀಪಡ್ರೆಯವರು ಈ ಜಲಜ್ಞಾನದ ಬಗ್ಗೆ ಎಷ್ಟೋ ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ. ಅಂಥ ಊರಿಗೆ ಬಂದು 'ಸುಸ್ಥಿರತೆ' ಕಲಿಸುವವರು ಮೊದಲು ಒಂದು ಸುರಂಗದೊಳಗೆ ಬಗ್ಗಿ ನೋಡಲಿ.

ಕಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರ ಜನವರಿ 1ರಿಂದ ಕೇರಳದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ನಿಷೇಧ ಉಂಟು. ನಮ್ಮ ಮನೆಗೆ ಹರಿತ ಕರ್ಮ ಸೇನೆಯ ಅಕ್ಕಂದಿರು ಬಂದು ತೊಳೆದು ಒಣಗಿಸಿದ ಪ್ಲಾಸ್ಟಿಕ್ ಕೇಳುತ್ತಾರೆ, ನಾವು ದುಡ್ಡೂ ಕೊಟ್ಟು ಒಪ್ಪಿಸುತ್ತೇವೆ. ಅಷ್ಟೇ ಶಿಸ್ತು ಹೋಟೆಲಿಗೂ ಇರಲಿ. ಅಡಿಕೆ ಹಾಳೆಯ ತಟ್ಟೆ ಮಾಡುವ ಊರಿನಲ್ಲಿ ಥರ್ಮಾಕೋಲು ಯಾಕೆ? (ನಮ್ಮ ಶಾಲಾ ವಾರ್ಷಿಕೋತ್ಸವದ ಊಟಕ್ಕೂ ಈ ಪ್ರಶ್ನೆ ಕೇಳಬಹುದು, ರಕ್ಷಕ ಶಿಕ್ಷಕ ಸಂಘದವರು ಬೇಸರಿಸಬಾರದು.)

ಇನ್ನು ಉದ್ಯೋಗದ ಮಾತು. ಕೆಲಸ ಸಿಗುತ್ತದೆ ನಿಜ. ಎಂಥ ಕೆಲಸ? ಹಾಸಿಗೆ ಬದಲಿಸುವುದು, ತೋಟಕ್ಕೆ ನೀರು ಬಿಡುವುದು, ಗೇಟು ಕಾಯುವುದು, ಅದೂ ಗುತ್ತಿಗೆಯಲ್ಲಿ, ಮಳೆಗಾಲದಲ್ಲಿ ಅತಿಥಿಗಳು ಕಡಿಮೆಯಾದರೆ ಮನೆಗೆ. ನನ್ನ ಹಳೆ ವಿದ್ಯಾರ್ಥಿಯೊಬ್ಬ ಒಂದು ಕಡೆ ಮೂರು ವರ್ಷ ದುಡಿದರೂ ನೇಮಕಾತಿ ಪತ್ರವನ್ನೇ ಕಾಣಲಿಲ್ಲ. ಊರಿನ ಸೌತೆ, ಬಸಳೆ, ಹರಿವೆ ಆ ಅಡುಗೆಮನೆಗೆ ಹೋಗುವುದಿಲ್ಲವಾದರೆ ಊರಿಗೆ ಬಂದ ಲಾಭ ಯಾವುದು?

ಆಗುವುದೇ ಇಲ್ಲ ಎನ್ನಬೇಡಿ. 2008ರಲ್ಲಿ ಕುಮರಕಂನಲ್ಲಿ ಪಂಚಾಯತು, ಕುಟುಂಬಶ್ರೀ ಹೆಂಗಸರು ಮತ್ತು ಹೋಟೆಲುಗಳು ಒಟ್ಟು ಕೂತು ಊರಿನ ತರಕಾರಿ ಹೋಟೆಲಿಗೆ ಹೋಗುವ ವ್ಯವಸ್ಥೆ ಮಾಡಿದರು. ಕೋವಳಂ, ತೇಕ್ಕಡಿ, ವಯನಾಡು ಕೂಡ ಆ ಯೋಜನೆಯ ಮೊದಲ ನಾಲ್ಕರಲ್ಲಿದ್ದವು. ಬೇಕಲ ಇರಲಿಲ್ಲ. 2017ರಲ್ಲಿ ಸರಕಾರ ಇದನ್ನೇ ರಾಜ್ಯಕ್ಕೆಲ್ಲ ಅನ್ವಯಿಸುವ ಮಿಷನ್ ಮಾಡಿತು. ದಾರಿ ಇದೆ, ನಡೆಸುವವರು ಬೇಕು.

ಭಾಷೆಯೂ ಇದರಲ್ಲಿ ಸೇರಿದೆ. ಬೇಕಲ ಕೋಟೆ ಹದಿನೇಳನೇ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಕರ್ನಾಟಕದಿಂದ ಬರುವ ಪ್ರವಾಸಿಗೆ ಆ ಕಥೆಯನ್ನು ಕನ್ನಡದಲ್ಲಿ ಹೇಳಬಲ್ಲ, ಪಕ್ಕದವನಿಗೆ ಮಲಯಾಳದಲ್ಲಿ, ಅಜ್ಜಿಗೆ ತುಳುವಿನಲ್ಲಿ ಹೇಳಬಲ್ಲ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಅವರ ಕೈಗೆ ಕಸಬರಿಕೆ ಮಾತ್ರ ಕೊಡುವ ಹೋಟೆಲನ್ನು ಸಾಮಾಜಿಕ ಜವಾಬ್ದಾರಿಯ ಹೋಟೆಲು ಎಂದು ನಾನು ಒಪ್ಪಲಾರೆ. ಕನ್ನಡ ಕಲಿತರೆ ಕೆಲಸವಿಲ್ಲ ಎಂದು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸುವ ಪೋಷಕರು ಇದನ್ನೂ ಯೋಚಿಸಲಿ.

ಬಡ ಪಂಚಾಯತು ದೊಡ್ಡವರಿಗೆ ಏನು ಹೇಳಲು ಸಾಧ್ಯ ಎಂದು ಕೇಳುತ್ತೀರಿ. ಪಾಲಕ್ಕಾಡು ಜಿಲ್ಲೆಯ ಪೆರುಮಾಟ್ಟಿ ಪಂಚಾಯತು 2003ರ ಏಪ್ರಿಲಿನಲ್ಲಿ, ಅಂತರ್ಜಲ ಬರಿದಾಗುತ್ತಿದೆಯೆಂದು ಪ್ಲಾಚಿಮಡದ ಕೋಕಾ ಕೋಲಾ ಕಾರ್ಖಾನೆಯ ಪರವಾನಗಿ ನವೀಕರಿಸಲು ನಿರಾಕರಿಸಿತು. 2004ರ ಮಾರ್ಚಿನಲ್ಲಿ ಕಾರ್ಖಾನೆ ನಿಂತೇಹೋಯಿತು. ವೇಂಬನಾಡು ಕಾಯಲಿನ ನೆಡಿಯತುರುತ್ತು ದ್ವೀಪದಲ್ಲಿ ನಿಯಮ ಮೀರಿ ಎದ್ದ ರಿಸಾರ್ಟನ್ನು 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶವಾಗಿ, 2022ರಲ್ಲಿ ಕೆಡವತೊಡಗಿದರು.

ಮುಂದಿನ ಗ್ರಾಮಸಭೆಗೆ ನಾಲ್ಕು ಜನ ಪೋಷಕರಾದರೂ ಹೋಗಿ. ಹೊಸ ಹೋಟೆಲಿಗೆ ಪರವಾನಗಿ ಕೊಡುವಾಗ ಬಾವಿಗೆ ಮೀಟರು ಕೂರಿಸಿ ಲೆಕ್ಕವನ್ನು ಪಂಚಾಯತಿನ ಗೋಡೆಗೆ ಅಂಟಿಸಬೇಕು, ಪಕ್ಕದ ಹತ್ತು ಬಾವಿಗಳ ಉಪ್ಪಿನ ಪರೀಕ್ಷೆಯನ್ನು ಬೇಸಗೆಯಲ್ಲಿ ಹೋಟೆಲಿನ ಖರ್ಚಿನಲ್ಲೇ ಮಾಡಿಸಬೇಕು, ಕೆಲಸಕ್ಕಿಟ್ಟ ಪ್ರತಿಯೊಬ್ಬರಿಗೂ ಲಿಖಿತ ಪತ್ರ ಕೊಡಬೇಕು ಎಂದು ಬರೆಸಿ. ಅರ್ಜಿ ಕನ್ನಡದಲ್ಲೇ ಇರಲಿ. ಬರೆದುಕೊಡಲು ಶಾಲೆಯಲ್ಲಿ ನಾವಿದ್ದೇವೆ.