ಭರಣಿಯ ಮಿಡಿಗೆ ಯಾವ ಊರು?

ಬೇಸಿಗೆಯ ರಜೆ ಮುಗಿಸಿ ಮುಂಬಯಿಗೆ ಮರಳುವ ಶಿರಸಿ, ಸಾಗರಗಳ ಕಡೆಯ ಬಂಧುಗಳ ಗಂಟುಮೂಟೆಯಲ್ಲಿ ಅಪ್ಪೆಮಿಡಿಯ ಭರಣಿಯೊಂದು ಇದ್ದೇ ಇರುವುದಷ್ಟೆ. ಮೊನ್ನೆ ನಮ್ಮ ಮನೆಯಲ್ಲಿ ಅಂತಹ ಭರಣಿಯ ಬಾಯಿಬಟ್ಟೆ ಬಿಚ್ಚಿದಾಗ ಅತ್ತೆಯವರು ಮೂಸಿನೋಡಿ, "ಇದು ನಮ್ಮ ಹಳ್ಳದ ದಂಡೆಯ ಜೀರಿಗೆಮಿಡಿ ಅಲ್ಲ" ಎಂದುಬಿಟ್ಟರು. ಊರಿಗೆ ಫೋನು ಮಾಡಿದೆವು. ಆ ಮರ ಹೋಗಿ ನಾಲ್ಕು ವರ್ಷವಾಯಿತಂತೆ. ಮಿಡಿ ಕೊಯ್ಯಬಂದವರು ಕೊಂಬೆಗಳನ್ನೇ ಕಡಿದರು, ಮರ ಚೇತರಿಸಿಕೊಳ್ಳಲಿಲ್ಲ. ಕಸಿ ಕಟ್ಟಿಟ್ಟವರುಂಟೆ? ಯಾರೂ ಅರಿಯರು. ಮರವಿದ್ದ ಜಾಗವಾದರೂ ಯಾವುದು? ಒಬ್ಬರು ಕಾಲುಸಂಕದ ಮೇಲ್ಗಡೆ ಎಂದರು, ಇನ್ನೊಬ್ಬರು ಕೆಳಗಡೆ ಎಂದರು!

ಅಪ್ಪೆಮಿಡಿ ಮಲೆನಾಡಿನ ಹೊಳೆಹಳ್ಳಗಳ ಅಂಚಿನಲ್ಲಿ ತಾನಾಗಿ ಬೆಳೆದ ಮಾವು. ಅನಂತಭಟ್ಟನ ಅಪ್ಪೆ, ಮಾಳಂಜಿ, ಕರ್ಣಕುಂಡಲ ಎಂದು ಒಂದೊಂದಕ್ಕೆ ಒಂದೊಂದು ಹೆಸರು, ಒಂದೊಂದು ಪರಿಮಳ. ಗೊರಟು ಬಿತ್ತಿದರೆ ತಾಯಿಮರದ ಗುಣವೇ ಬರುವುದೆಂಬ ಭರವಸೆಯಿಲ್ಲ. ಆದುದರಿಂದ ಒಂದು ಮರ ಹೋದರೆ ಒಂದು ತಳಿಯೇ ಹೋದಂತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹಲವು ತಳಿಗಳನ್ನು ಕಸಿ ಕಟ್ಟಿ ಉಳಿಸಿದ್ದಾರೆ, ಸಂತೋಷ. ಆದರೆ ಹಳ್ಳದ ದಂಡೆಯಲ್ಲಿ ಜೇನು, ನೊಣಗಳ ಓಡಾಟದಿಂದ ಹೊಸ ಬಗೆಗಳು ಹುಟ್ಟುತ್ತಲೇ ಇರುತ್ತವೆ. ಕಸಿಗಿಡಗಳ ಸಾಲಿನಲ್ಲಿ ಆ ಕೆಲಸ ನಡೆಯದು.

ಮರವನ್ನು ಇದ್ದಲ್ಲೇ ಉಳಿಸಬೇಕಾದರೆ ಮೊದಲು ಬೇಕಾದುದು ಲೆಕ್ಕದ ಪುಸ್ತಕ. ಇದನ್ನು ಹೇಳಿದರೆ ನಗುವವರಿದ್ದಾರೆ. ಅವರು ಒಂದು ಸಂಗತಿ ಕೇಳಲಿ. 1970ರ ದಶಕದಲ್ಲಿ ಏಷ್ಯದ ಭತ್ತದ ಗದ್ದೆಗಳಿಗೆ ಪೈರನ್ನು ಹುಲ್ಲಿನಂತೆ ಗಿಡ್ಡಾಗಿಸುವ ನಂಜುರೋಗ ತಗಲಿತು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 6,000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದಾಗ, ಉತ್ತರ ಪ್ರದೇಶದಿಂದ ತಂದಿದ್ದ ಒಂದು ಕಾಡುಭತ್ತ ಆ ರೋಗಕ್ಕೆ ಬಗ್ಗದೆ ನಿಂತಿತು. ಅದರ ಗುಣ ಸೇರಿಸಿದ ಐಆರ್ 36 ಎಂಬ ತಳಿ 1976ರಲ್ಲಿ ರೈತರ ಕೈಸೇರಿತು. ಆ ಕಾಡುಭತ್ತದ ಚೀಟಿ ಕಳೆದಿದ್ದರೆ?

ಪುಸ್ತಕದಲ್ಲಿ ಏನು ಬರೆಯಬೇಕು? ಊರವರು ಕರೆಯುವ ಹೆಸರು ಮೊದಲು, ಏಕೆಂದರೆ ಎರಡು ಊರಿನ 'ಜೀರಿಗೆ' ಎರಡು ಬೇರೆ ಮರಗಳಾಗಿರಬಹುದು. ಹೇಳಿದವರಾರು, ನೋಡಿದ ದಿನ ಯಾವುದು, ಹೂ ಬಿಟ್ಟ ತಿಂಗಳಾವುದು. ಸ್ಥಳವನ್ನು ಈಗ ಜೇಬಿನ ಫೋನೇ ಅಕ್ಷಾಂಶ, ರೇಖಾಂಶ ಸಮೇತ ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಸುತ್ತ ಎಳೆಯ ಸಸಿಗಳು ಎಷ್ಟಿವೆ ಎಂಬುದು. ಹತ್ತು ಮುದಿಮರಗಳಿದ್ದು ಸಸಿ ಒಂದೂ ಇಲ್ಲವೆಂದರೆ ಅದು ಮಕ್ಕಳಿಲ್ಲದ ಮನೆ. ಮತ್ತೆ ಕೆಲವು ವರ್ಷಕ್ಕೆ ಅಲ್ಲಿಗೇ ಹೋಗಿ ನೋಡಬೇಕು, ಕಾಣದಿದ್ದರೆ 'ಕಾಣಲಿಲ್ಲ' ಎಂದೂ ಬರೆಯಬೇಕು. ಈ ಒಂದು ಮಾತನ್ನು ಬರೆಯಲು ಜನಕ್ಕೆ ಅದೇಕೋ ಸಂಕೋಚ!

ಆದರೆ ಮರದ ವಿಳಾಸವನ್ನು ಪೇಟೆಗೆಲ್ಲ ಸಾರಿದರೆ ಕೊಡಲಿಯೂ ಅದೇ ವಿಳಾಸಕ್ಕೆ ಬಂದೀತು. ಹೊರಗಿನವರಿಗೆ ಊರಿನ ಹೆಸರಷ್ಟೇ ಸಾಕು. ಉಳಿದುದು ಊರವರ ಒಪ್ಪಿಗೆಯಿಂದ, ಊರಿನಲ್ಲೇ ಇರಲಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದ್ದು, ಜನರನ್ನು ಕೇಳಿ ದಾಖಲೆ ಬರೆಯುವುದು ಅದರ ಹೊಣೆ.

ಕೇಳಬೇಕಾದ ಜನರಲ್ಲಿ ಅನೇಕರು ಈಗ ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಮಕ್ಕಳ ಮನೆಯಲ್ಲಿದ್ದಾರೆ! ಅತ್ತೆಯವರನ್ನು ಕೂರಿಸಿಕೊಂಡು ಅವರಿಗೆ ನೆನಪಿರುವ ಮರಗಳನ್ನೆಲ್ಲ ಬರೆದುಕೊಂಡೆವು. ಒಟ್ಟು ಹನ್ನೊಂದು. ಬರುವ ಮಾಘದಲ್ಲಿ ಊರಿಗೆ ಹೋಗುವಾಗ ಆ ಹಾಳೆ ನಮ್ಮೊಡನಿರುತ್ತದೆ. ಓದುಗ ಸೋದರಿಯರು ತಮ್ಮ ಮನೆಯ ಹಿರಿಯರಿಂದ ಬರೆಸಿಕೊಂಡುದನ್ನೂ ಕಳುಹಿಸಿದರೆ ಆಯಾ ಊರಿನ ಪಂಚಾಯತಿಗೆ ತಲುಪಿಸುತ್ತೇವೆ. ಅತ್ತೆಯವರು ಈಗ ಹನ್ನೆರಡನೆಯದೊಂದನ್ನು ನೆನಪಿಸಿಕೊಳ್ಳುತ್ತಿದ್ದಾರೆ. ಹೆಸರು ಇನ್ನೂ ನಾಲಗೆಯ ತುದಿಯಲ್ಲೇ ಇದೆ.