ಲಾರಿಯ ಪರೀಕ್ಷೆಯೋ, ಭಾಷೆಯ ಪರೀಕ್ಷೆಯೋ?



ಮುರಕಲ್ಲು ಹೇರಿದ ಲಾರಿಯನ್ನು ನಡೆಸುವವನು ಹೊರಡುವ ಮುನ್ನ ಟೈರು, ದೀಪ, ಕನ್ನಡಿಗಳನ್ನು ನೋಡಲೇಬೇಕು; ಗಾಳಿಯ ಬ್ರೇಕಾದರೆ ಒತ್ತಡ ಏರುವವರೆಗೆ ಕಾಯಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಎಂಜಿನನ್ನು ಚಾಲೂ ಮಾಡುವ ಮುನ್ನ ವಹಿಸಬೇಕಾದ ಎಚ್ಚರಿಕೆಯನ್ನು ಚಾಲನಾ ಪರೀಕ್ಷೆಯಲ್ಲಿ ಸೇರಿಸಿವೆ. ಇದರಲ್ಲಿ ಎಳ್ಳಷ್ಟೂ ರಿಯಾಯಿತಿಯನ್ನು ನಾವು ಬೇಡುವುದಿಲ್ಲ. ಬ್ರೇಕು ಕೆಟ್ಟ ಲಾರಿಗೆ ಕನ್ನಡಿಗನೆಂಬ ದಾಕ್ಷಿಣ್ಯವುಂಟೇ!

ಆದರೆ ಕುಂಬಳೆ, ಮಂಜೇಶ್ವರಗಳ ತರುಣನನ್ನು ಮಲೆಯಾಳದಲ್ಲಿಯೇ ಪ್ರಶ್ನಿಸಿ, ಅವನು ತಡವರಿಸಿದರೆ ವಾಹನವನ್ನೇ ಅರಿಯದವನೆಂದು ತೀರ್ಮಾನಿಸುವುದು ಯಾವ ನ್ಯಾಯ? 1969ರ ಕೇರಳದ ಆಡಳಿತ ಭಾಷಾ ಶಾಸನವು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹರಿಸುವ, ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನಿತ್ತಿದೆ. ಕಾಗದಕ್ಕಿರುವ ಮರ್ಯಾದೆ ಮನುಷ್ಯನ ಬಾಯಿಗಿಲ್ಲವೇ? ಪರೀಕ್ಷೆಗೆ ಮೊದಲೇ, ಕನ್ನಡದಲ್ಲಿ ಪ್ರಶ್ನಿಸಬೇಕೆಂದು ಕನ್ನಡದಲ್ಲಿಯೇ ಅರ್ಜಿ ಸಲ್ಲಿಸಿರಿ; ಸ್ವೀಕೃತಿಯನ್ನು ಪಡೆದು ಜೋಪಾನವಾಗಿರಿಸಿರಿ.