ಪ್ಯಾಕೆಟ್ ಮೇಲಿನ ‘ನಿರೋಧಕ’ ಅಂದ್ರೆ ಯಾವುದಕ್ಕೆ?

ಹಿರಿಯೂರಿನ ಹತ್ತಿರ ನಮ್ಮ ಚಿಕ್ಕಪ್ಪ ಸಾಲ ಮಾಡಿ ಅರ್ಧ ಎಕರೆಗೆ ಪಾಲಿಹೌಸ್ ಹಾಕಿಸಿದಾರೆ. ಹೋದ ಸಲ ಟೊಮೆಟೊ ಎಲೆಯೆಲ್ಲ ಮುದುಡಿ ಅರ್ಧ ಬೆಳೆ ಕೈಬಿಟ್ಟು ಹೋಯ್ತು. ಮೊನ್ನೆ ಫೋನ್ ಮಾಡಿದ್ರು. ‘ಅಂಗಡಿಯವ್ನು ಹೊಸ ತಳಿ ಕೊಡ್ತಾನಂತೆ. ನಿರೋಧಕ ಅಂತ ಬರ್ದಿದೆ, ಹುಳಾನೇ ಬೀಳಲ್ವಂತೆ ಕಣೋ. ಸ್ವಲ್ಪ ಗೂಗಲ್ಲಲ್ಲಿ ನೋಡು.’

ನೋಡಿದೆ. ನಿರೋಧಕ ಅನ್ನೋದು ಅರ್ಧ ಮಾತು. ಯಾವುದಕ್ಕೆ ಅನ್ನೋದು ಉಳಿದರ್ಧ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಗೊಳ್ಳಿ. ಅದು ತಡೆಯೋದು ಮೂರನ್ನ: ಎಲೆ ಮುಟುರು ನಂಜು ರೋಗ, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ. ಮೂರೂ ರೋಗಗಳೇ, ಒಂದೂ ಹುಳ ಅಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಂದಿ, ಸಂಕ್ರಾಂತಿ, ವೈಭವ್ ತಳಿಗಳು ಬಂದಿದ್ದೂ ಮುಟುರು ರೋಗ ತಡೆಯೋಕೆ. ನಂಜು ಹೊತ್ತು ತರೋ ಬಿಳಿ ನೊಣ ಈ ಗಿಡಗಳ ಮೇಲೂ ಕೂರುತ್ತೆ, ರಸ ಹೀರುತ್ತೆ, ಮೊಟ್ಟೆ ಇಡುತ್ತೆ. ಗಿಡ ಮಾತ್ರ ಅಷ್ಟು ಸುಲಭಕ್ಕೆ ಮುದುಡಲ್ಲ. 2014ರಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡ, ದಕ್ಷಿಣ ಅಮೆರಿಕ ಮೂಲದ ಟೂಟಾ ಹುಳಕ್ಕಂತೂ ಈ ಯಾವ ನಿರೋಧಕವೂ ಲೆಕ್ಕಕ್ಕಿಲ್ಲ.

ಹಾಗಾದ್ರೆ ಹುಳವನ್ನೇ ತಡೆಯೋ ಟೊಮೆಟೊ ಇಲ್ವಾ? ಕಾಡು ಜಾತಿಗಳಲ್ಲಿ ಇದೆ. ಕೆಲವದರ ಎಲೆ ಮೇಲೆ ಅಂಟು ಸೂಸೋ ಸಣ್ಣ ರೋಮ ಇರ್ತವೆ, ಬಿಳಿ ನೊಣ ಅದಕ್ಕೆ ಸಿಕ್ಕಿಕೊಂಡು ಸಾಯುತ್ತೆ. ಅದನ್ನ ನಮ್ಮ ತಳಿಗಳಿಗೆ ತರೋ ಪ್ರಯತ್ನ ದಶಕಗಳಿಂದ ನಡೀತಿದೆ. ಆದ್ರೆ ಅದು ಒಂದೇ ಜೀನ್‌ನ ಕೆಲಸ ಅಲ್ಲ, ಜೊತೆಗೆ ಕಾಡಿನ ಬೇಡದ ಗುಣಗಳೂ ಬರ್ತವೆ. ಹಳೇ ಕೋಡ್ ಕಾಪಿ ಮಾಡಿದ್ರೆ ಹಳೇ ಬಗ್‌ಗಳೂ ಬರೋ ಹಾಗೆ! ಹತ್ತಿಯಲ್ಲಿ ಇನ್ನೊಂದು ತಮಾಷೆ: ರೋಮದ ಎಲೆ ಜಿಗಿಹುಳ ತಡೆಯುತ್ತೆ, ಬಿಳಿ ನೊಣವನ್ನ ಮಾತ್ರ ಕರೆಯುತ್ತೆ.

‘ದೊಣ್ಣೆಮೆಣಸಿನಕಾಯಿ ಹಾಕ್ಲಾ?’ ಅಂದ್ರು ಚಿಕ್ಕಪ್ಪ. ಅಲ್ಲಿ ಥ್ರಿಪ್ಸ್, ನುಸಿ ಕಾಟ. ಕೆಂಪು, ಹಳದಿ ತಳಿ ಬಣ್ಣ ಬರೋ ತನಕ ಗಿಡದಲ್ಲೇ ಇರಬೇಕು, ಹುಳಕ್ಕೆ ಅಷ್ಟು ದಿನ ಜಾಸ್ತಿ ಸಿಗುತ್ತೆ. ಹಸಿರಾದ್ರೆ ಬೇಗ ಕೀಳಬಹುದು, ರೇಟು ಕಡಿಮೆ.

ಕೊನೆಗೆ ಹೇಳಿದೆ: ಮುಟುರು ರೋಗ ತಡೆಯೋ ಬೀಜಾನೇ ತಗೊಳ್ಳಿ, ಆದ್ರೆ ಮೊದಲು ಮುದುಡಿದ ಎಲೆ ಬಬ್ಬೂರು ಫಾರ್ಮಿಗೆ ಒಯ್ದು ತೋರಿಸಿ. ಹರಿದ ನೆಟ್ ಹೊಲಿಸಿ, ಹಳದಿ ಅಂಟುಕಾರ್ಡು ಕಟ್ಟಿ, ಎರಡು ಬಾಗಿಲಲ್ಲಿ ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೀರಿ. ಒಳಗೆ ಮಳೆ ಇಲ್ಲ, ಗುಲಗಂಜಿ ಹುಳಾನೂ ಬರಲ್ಲ. ಒಂದು ಸಲ ನುಗ್ಗಿದ್ರೆ ಅವಕ್ಕೆ ಹಬ್ಬ.

‘ಎರಡನೇ ಬಾಗಿಲಾ?’ ಅಂದ್ರು. ‘ಅದನ್ನ ಕೊಟ್ಟಿಗೆಗೆ ಹಾಕಿದೀನಲ್ಲೋ.’